ಅಡವಿಯ ದಾರಿಯ ಬುತ್ತಿ

ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಈ ಮೂರೂ ಊರುಗಳು ರೈಲುಹಳಿಯನ್ನು ಕಂಡವುಗಳಲ್ಲ. ಸವಣೂರಿನವರಿಗೆ ಯಲವಿಗಿಯ ನಿಲ್ದಾಣವುಂಟು. ಉಳಿದವರು ಹಾವೇರಿಗೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಬಂದು ರೈಲು ಹಿಡಿಯಬೇಕು. ಆದ್ದರಿಂದ ನಮ್ಮ ಸೀಮೆಯವರಿಗೆ ರೈಲುಪ್ರಯಾಣವೆಂದರೆ ಇಂದಿಗೂ ದೊಡ್ಡ ಸಿದ್ಧತೆಯೇ ಸರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳ ಬುತ್ತಿ ಕಟ್ಟದೆ ಯಾರೂ ಹೊಸ್ತಿಲು ದಾಟುವುದಿಲ್ಲ.

ಬುತ್ತಿಗೂ ಹಳಿಗೂ ಹಳೆಯ ನಂಟೊಂದಿದೆ. 1876–78ರ ಭೀಕರ ಬರಗಾಲದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನ ಹಸಿವಿನಿಂದ ಮಡಿದರು. ಧಾನ್ಯವಿದ್ದ ಕಡೆಯಿಂದ ಇಲ್ಲದ ಒಳನಾಡಿಗೆ ಅದನ್ನು ಒಯ್ಯುವುದೇ ದುಸ್ತರವಾಗಿತ್ತು. ಬಂಡಿ ಎಳೆಯುವ ಎತ್ತುಗಳಿಗೂ ಮೇವಿರಲಿಲ್ಲ. ಆ ಕಹಿ ಅನುಭವದ ತರುವಾಯ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪನೆಯಾಯಿತು. ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸುವ ಹಳಿ ಬರಪೀಡಿತರಿಗೆ ಅನ್ನ ಮುಟ್ಟಿಸುವ ಉದ್ದೇಶದಿಂದ ಹಾಕಿದ್ದು. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಅದರ ಅರ್ಥ ಮನಸ್ಸಿಗೆ ಇಳಿದದ್ದು ಅದೇ ಹಳಿಯ ಮೇಲೆ ಮಾಡಿದ ಒಂದು ಪ್ರಯಾಣದಲ್ಲಿ.

2012ರ ಡಿಸೆಂಬರದಲ್ಲಿ ಕೆಲಸದ ನಿಮಿತ್ತ ನಾನು ಭುವನೇಶ್ವರಕ್ಕೆ ಹೊರಟಿದ್ದೆ. ಗೋವೆಯ ವಾಸ್ಕೋದಿಂದ ಆಗ ಹೌರಾಕ್ಕೆ ಹೋಗುತ್ತಿದ್ದ ಅಮರಾವತಿ ಎಕ್ಸ್‌ಪ್ರೆಸ್ಸನ್ನು ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಹತ್ತಿದೆನು. ಹುಬ್ಬಳ್ಳಿಯಿಂದ ಹೌರಾದವರೆಗೆ ಎರಡು ಸಾವಿರ ಕಿಲೋಮೀಟರಿಗೆ ಸಮೀಪದ ದಾರಿ. ನನ್ನೆದುರು ಹಿರೇಕೆರೂರು ತಾಲೂಕಿನ ವೃದ್ಧ ದಂಪತಿಗಳು ಕುಳಿತಿದ್ದರು. ಸೈನ್ಯದಲ್ಲಿದ್ದ ಮಗ ಅಪಘಾತದಲ್ಲಿ ಗಾಯಗೊಂಡು ಕಲಕತ್ತೆಯ ಆಸ್ಪತ್ರೆಯಲ್ಲಿದ್ದಾನೆ, ಬನ್ನಿರೆಂದು ಕರೆ ಬಂದಿತ್ತಂತೆ. ಗಾಯ ಎಂಥದ್ದೆಂದು ಅವರಿಗೆ ತಿಳಿದಿರಲಿಲ್ಲ. ಹುಬ್ಬಳ್ಳಿಯಿಂದಾಚೆಗೆ ಅವರೆಂದೂ ಹೋದವರಲ್ಲ. ಕನ್ನಡವನ್ನು ಬಿಟ್ಟು ಬೇರೆ ಭಾಷೆ ಬಲ್ಲವರೂ ಅಲ್ಲ.

ಬಳ್ಳಾರಿ ದಾಟುವಷ್ಟರಲ್ಲಿ ನಮ್ಮ ಡಬ್ಬಿಯು ಒಂದು ಓಣಿಯೇ ಆಗಿಬಿಟ್ಟಿತ್ತು. ಗುಂಟೂರಿನ ಪೇಟೆಗೆ ಹೊರಟಿದ್ದ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಎರಡೂ ಊರುಗಳ ಧಾರಣೆಯನ್ನು ತೂಗಿ ನೋಡುತ್ತಿದ್ದರು. ಗೋವೆಯಲ್ಲಿ ಕಟ್ಟಡದ ಕೆಲಸ ಮಾಡಿ ಬ್ರಹ್ಮಪುರದ ಕಡೆಯ ತನ್ನ ಹಳ್ಳಿಗೆ ಮರಳುತ್ತಿದ್ದ ಒಡಿಯಾ ತರುಣ, ರಜೆ ಮುಗಿಸಿ ಹೊರಟ ಬಂಗಾಲಿ ಸಂಸಾರ, ಇವರೆಲ್ಲ ನೆರೆಹೊರೆಯವರಾದರು. ಒಬ್ಬರ ಮಗು ಇನ್ನೊಬ್ಬರ ಮಡಿಲಲ್ಲಿ ನಿದ್ರಿಸುವುದು, ಒಬ್ಬರು ನೀರು ತರಲು ಇಳಿದರೆ ಇನ್ನೊಬ್ಬರು ಗಂಟು ಕಾಯುವುದು, ರಾತ್ರಿ ಮಲಗುವ ಹಲಗೆ ಎತ್ತುವ ಮೊದಲು ಎಲ್ಲರನ್ನೂ ಕೇಳುವುದು, ಇವೆಲ್ಲ ಯಾರೂ ಬರೆಯದ ಆ ಓಣಿಯ ಕಟ್ಟಳೆಗಳು. ಆದರೆ ಆ ತಾಯಿಯು ಬುತ್ತಿಯ ಗಂಟನ್ನು ಬಿಚ್ಚಿರಲಿಲ್ಲ. ಪತಿಯೂ ಒತ್ತಾಯಿಸಲಿಲ್ಲ.

ನಂದ್ಯಾಲ ದಾಟಿದ ಮೇಲೆ ಗಾಡಿ ನಲ್ಲಮಲೆಯ ಅಡವಿಯನ್ನು ಹೊಕ್ಕಿತು. ಅಕ್ಕಮಹಾದೇವಿಯು ಅರಸಿ ಹೋದ ಶ್ರೀಶೈಲವೂ ಇದೇ ಗಿರಿಶ್ರೇಣಿಯಲ್ಲಿ, ಇನ್ನೂ ಉತ್ತರಕ್ಕಿದೆ. ಹುಲಿಗಳ ನೆಲೆ, ಚೆಂಚು ಜನರ ಬೀಡು. ಎದುರುಗಾಡಿಗೆ ದಾರಿ ಬಿಡಲು ನಮ್ಮ ಗಾಡಿಯು ಒಂದು ಸಣ್ಣ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತಿತು. ಕಿಟಕಿಯಾಚೆ ಒಂದೂ ದೀಪವಿಲ್ಲ. ಮರಗಳ ಕಪ್ಪು, ಅದರ ಮೇಲೆ ನಕ್ಷತ್ರಗಳು. ಫೋನುಗಳೆಲ್ಲ ಮೂಕವಾಗಿದ್ದವು. ಕೈಯಲ್ಲಿ ದೀಪ ಹಿಡಿದ ಹಳಿ ಕಾಯುವವನೊಬ್ಬ ಗಾಡಿಯ ಮಗ್ಗುಲಿಗೆ ನಡೆದು ಹೋದನು. ಆ ತಾಯಿ ಅವನ ದೀಪ ಮರೆಯಾಗುವ ತನಕ ನೋಡಿ, “ಇಂಥಾ ಅಡವ್ಯಾಗ ಒಬ್ಬನ ಅಡ್ಡಾಡತಾನಲ್ಲರೀ, ಅವನಿಗೂ ಅವ್ವ ಅದಾಳೋ ಇಲ್ಲೋ” ಎಂದರು. ಹುಬ್ಬಳ್ಳಿ ಬಿಟ್ಟ ಮೇಲೆ ಅವರಾಡಿದ ಮೊದಲ ಮಾತು ಅದು.

ಆಗ ಒಡಿಯಾ ತರುಣನು ತನ್ನ ಚೀಲದಿಂದ ಪೊಟ್ಟಣವೊಂದನ್ನು ತೆಗೆದು, ಹಿಡಿತುಂಬ ತುಂಬಿಕೊಂಡು ಅವರ ಮುಂದೆ ಚಾಚಿ, “ಮುಢಿ” ಎಂದನು. ತಾಯಿ ಬಗ್ಗಿ ನೋಡಿ, “ಅಯ್ಯ, ಇದು ನಮ್ಮ ಚುರುಮುರಿ!” ಎಂದರು. ಅವನು ನಕ್ಕನು. ಬೇರೆ ನಾಡಿನವನ ಕೈಯಲ್ಲಿ ತಮ್ಮ ಊರಿನ ಸಂತೆಯ ತಿನಿಸನ್ನು ಕಂಡುದರಿಂದಲೋ, ಅವನು ಮಗನ ವಯಸ್ಸಿನವನಾಗಿದ್ದುದರಿಂದಲೋ, ಅವರು ಸೆರಗೊಡ್ಡಿ ಇಸಿದುಕೊಂಡು ತಿಂದರು. ಅನಂತರ ತಾವಾಗಿ ಗಂಟು ಬಿಚ್ಚಿ ಅವನಿಗೆ, ನನಗೆ, ಬಂಗಾಲಿಗಳಿಗೆ, ಕಡೆಗೆ ಪತಿಗೆ ರೊಟ್ಟಿ ಹಂಚಿದರು. ಖಡಕ್ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಬಂಗಾಲಿ ಬಾಲಕಿ ಪರದಾಡಿದಾಗ ಎಲ್ಲರೂ ನಕ್ಕೆವು. ಎದುರುಗಾಡಿ ಹಾದುಹೋದದ್ದನ್ನು ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ, ರಾಜಮಹೇಂದ್ರಿಯಲ್ಲಿ ಗೋದಾವರಿಯ ಎರಡೂವರೆ ಕಿಲೋಮೀಟರಿಗೂ ಉದ್ದದ ಸೇತುವೆ ದಾಟಿದ ಬಳಿಕ, ನನ್ನ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿಕೊಟ್ಟೆನು. ಮಗನೇ ಮಾತಾಡಿದನು. ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ತಂದೆ ಫೋನನ್ನು ನನಗೆ ಮರಳಿಸಿ, ಬಹಳ ಹೊತ್ತಿನ ಮೇಲೆ, “ದನಿ ಮೊದಲಿನ ಹಂಗ ಐತ್ರೀ” ಎಂದರು. ತಾಯಿ ಏನನ್ನೂ ಹೇಳದೆ, ಮಿಕ್ಕ ರೊಟ್ಟಿಗಳನ್ನು ಎಣಿಸಿ, ಮಗನ ಪಾಲನ್ನು ಬೇರೆ ಬಟ್ಟೆಯಲ್ಲಿ ಕಟ್ಟಿಟ್ಟರು.

ಬ್ರಹ್ಮಪುರದಲ್ಲಿ ತರುಣನಿಳಿದನು; ಇಳಿಯುವ ಮುನ್ನ ಆ ವೃದ್ಧರನ್ನು ಬಂಗಾಲಿ ಸಂಸಾರಕ್ಕೆ ಒಪ್ಪಿಸಿದನು. ಅವರನ್ನು ಆಸ್ಪತ್ರೆಯ ಬಾಗಿಲವರೆಗೆ ಮುಟ್ಟಿಸುವುದಾಗಿ ಆ ಗೃಹಸ್ಥರು ಮಾತು ಕೊಟ್ಟರು. ಸಂಜೆ ಭುವನೇಶ್ವರದಲ್ಲಿ ನಾನೂ ಇಳಿದೆನು.

ಬರದ ಕಾಲದಲ್ಲಿ ಅನ್ನ ಸಾಗಿಸಲೆಂದು ಹಾಕಿದ ದಾರಿಯಲ್ಲಿ ಇಂದು ಸಾಗುವವರು ಬಹುಮಟ್ಟಿಗೆ ಹೊಟ್ಟೆ ತುಂಬಿದವರೇ. ಆದರೂ ಪ್ರತಿ ಡಬ್ಬಿಯಲ್ಲಿ ಉಣ್ಣಲಾರದೆ ಕುಳಿತವರು ಒಬ್ಬರಾದರೂ ಇರುತ್ತಾರೆ. ಅಂಥವರಿಗೆ ಸಮಾಧಾನದ ಮಾತು ಹೇಳಲು ನಮಗೆ ಅವರ ಭಾಷೆ ಬಾರದಿರಬಹುದು. ಹಿಡಿ ಚುರುಮುರಿಯನ್ನು ಮುಂದೆ ಚಾಚುವುದಕ್ಕೆ ಭಾಷೆ ಬೇಕಿಲ್ಲ. ದೂರದ ಊರಿಗೆ ಹೊರಡುವ ನಮ್ಮ ಸೀಮೆಯ ಬಂಧುಗಳು ಬುತ್ತಿ ಕಟ್ಟುವಾಗ ನಾಲ್ಕು ರೊಟ್ಟಿಯನ್ನು ಹೆಚ್ಚಿಗೆ ಇಟ್ಟುಕೊಳ್ಳಲಿ.