ಅಲ್ಲಿ ನಮ್ಮವ್ರು ಯಾರದಾರ?

ರಾಯಚೂರು ಜಿಲ್ಲೆಯ ಪೋತ್ನಾಳದಿಂದ ಬೆಂಗಳೂರಿಗೆ ಹೊರಟರೂ ಕೆನಡಾಕ್ಕೆ ಹೊರಟರೂ ಮನೆಯ ಹಿರಿಯರದು ಒಂದೇ ಪ್ರಶ್ನೆ: ‘ಅಲ್ಲಿ ನಮ್ಮವ್ರು ಯಾರದಾರ?’

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ ಇದೇ ಪ್ರಶ್ನೆಗೆ ಅಂಕ ಕೊಡುತ್ತದೆ. ಕಾಯಂ ವಾಸಕ್ಕೆ ಪ್ರಾಂತ್ಯದಿಂದ ಶಿಫಾರಸು ಬೇಕೆನ್ನುವ ಅಭ್ಯರ್ಥಿಯ ಅಕ್ಕ ಅಲ್ಲಿನ ವಿನ್ನಿಪೆಗ್‌ನಲ್ಲಿದ್ದರೆ ಹೊಂದಾಣಿಕೆಯ ಲೆಕ್ಕದಲ್ಲಿ 200 ಅಂಕ. ಮ್ಯಾನಿಟೋಬಾದಲ್ಲಿ ಯಾರೂ ಇಲ್ಲದೆ, ಅಣ್ಣ ಮಾತ್ರ ಟೊರಾಂಟೊದಲ್ಲಿದ್ದರೆ? 100 ಅಂಕ ಕಡಿತ. ಬೇರೆ ಪ್ರಾಂತ್ಯದಲ್ಲಿ ಓದಿದ್ದರೆ, ದುಡಿದಿದ್ದರೆ ಅದಕ್ಕೂ ಕತ್ತರಿ.

ಕಾರಣ ಸರಳ. ಕೆನಡಾದ 1982ರ ಹಕ್ಕುಗಳ ಸನ್ನದಿನ 6ನೇ ವಿಧಿಯಂತೆ ಕಾಯಂ ವಾಸಿ ಯಾವ ಪ್ರಾಂತ್ಯಕ್ಕಾದರೂ ಹೋಗಿ ನೆಲೆಸಬಹುದು. ಮ್ಯಾನಿಟೋಬಾ ಕರೆಸಿಕೊಂಡವರು ವಿನ್ನಿಪೆಗ್‌ನಲ್ಲಿ ಇಳಿದು, ಮರುವಾರವೇ ಅಣ್ಣನ ಮನೆ ಸೇರಿದರೆ ತಡೆಯಲು ಪ್ರಾಂತ್ಯಕ್ಕೆ ದಾರಿಯಿಲ್ಲ. ಹಾಗಾಗಿ ಮೊದಲೇ ಅಳೆದು ತೂಗುತ್ತದೆ.

ರಾಯಚೂರು ಜಿಲ್ಲೆಯವರಿಗೆ ‘ಈ ಸೀಮೆಯವರು ಯಾರು’ ಎಂಬ ಲೆಕ್ಕ ಹೊಸದಲ್ಲ. ಸಂವಿಧಾನದ 371(ಜೆ) ವಿಧಿ ಹುಟ್ಟು ಅಥವಾ ವಾಸವನ್ನು ನೋಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುತ್ತದೆ. ಆದರೆ ಇದು ಕಳೆದದ್ದನ್ನು ನೋಡುವ ಲೆಕ್ಕ. ಮಾನ್ವಿಯ ಅಭ್ಯರ್ಥಿಯ ಚಿಕ್ಕಪ್ಪ ಪುಣೆಯಲ್ಲಿದ್ದರೆ ಯಾರೂ ಅಂಕ ಕಳೆಯುವುದಿಲ್ಲ. ಮ್ಯಾನಿಟೋಬಾದ್ದು ಮುಂದೆ ಎಲ್ಲಿ ಉಳಿಯುತ್ತೀರಿ ಎಂಬ ಊಹೆಯ ಲೆಕ್ಕ.

ಹಾಗಂತ ಟೊರಾಂಟೊದ ಅಣ್ಣನನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಸುಳ್ಳು ಮಾಹಿತಿ ಸಾಬೀತಾದರೆ ಕೆನಡಾದ ಬಾಗಿಲು 5 ವರ್ಷ ಬಂದ್. ಇರುವುದನ್ನು ಬರೆದು, ಆ ಪ್ರಾಂತ್ಯದಲ್ಲೇ ಉಳಿಯಲು ನಿಮಗಿರುವ ಕೆಲಸ, ನಂಟುಗಳ ದಾಖಲೆ ಲಗತ್ತಿಸಿ.