ಮರಳಿನ ಗಿರಾಕಿ

ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರ್ ಹಿಡಿದರು ಎಂಬ ಸುದ್ದಿ ಓದಿದಾಗಲೆಲ್ಲ ನನ್ನ ಸಿಟ್ಟು ಮೊದಲು ಹೋಗುವುದು ಡ್ರೈವರ್ ಮೇಲೆ. ಸೊರಬ ತಾಲೂಕಿನ ಕುಬಟೂರಿನಲ್ಲಿ ಮನೆ ಕಟ್ಟಿಸಿ, ಗೋಡೆಗೆ ಗಿಲಾವು ಮಾಡಿಸಿಕೊಂಡವನಿಗೆ ಈ ಸಿಟ್ಟು ಬಲು ಅನುಕೂಲದ್ದು. ನನ್ನ ಮನೆಗೆ ಬಂದ ಮರಳು ಯಾವ ಹೊಳೆಯದು ಎಂದು ನಾನು ಕೇಳಿರಲಿಲ್ಲ. ಲೋಡಿಗೆ ಎಷ್ಟು, ಯಾವತ್ತು ಬರುತ್ತೆ ಎಂದಷ್ಟೇ ಮೇಸ್ತ್ರಿಯ ಹತ್ತಿರ ವಿಚಾರಿಸಿದ್ದೆ.

ಅದು ನಮ್ಮ ಸುತ್ತಲಿನ ಯಾವ ಹೊಳೆಯದಾದರೂ ಇರಬಹುದು. ಸೊರಬದ ದಂಡಾವತಿ ಬಂಕಸಾಣದಲ್ಲಿ ವರದೆಗೆ ಸೇರುತ್ತದೆ, ವರದೆ ಗಳಗನಾಥದಲ್ಲಿ ತುಂಗಭದ್ರೆಗೆ. ಶಿಕಾರಿಪುರದ ಕುಮುದ್ವತಿಯೂ ಕೊನೆಗೆ ತುಂಗಭದ್ರೆಯನ್ನೇ ಕೂಡುತ್ತದೆ. ಹೊಳೆಯ ತಳದ ಮರಳು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ದಡದ ಬಾವಿಗಳಿಗೆ ಬಿಟ್ಟುಕೊಡುತ್ತದೆ. ಅದನ್ನು ಬಗೆದರೆ ಬಾವಿಯ ನೀರು ಇಳಿಯುತ್ತದೆ, ದಡ ಕುಸಿದು ಯಾರದೋ ಗದ್ದೆ ಹೊಳೆಪಾಲಾಗುತ್ತದೆ. ನಾನು ಕೊಟ್ಟ ದರದಲ್ಲಿ ಈ ನಷ್ಟ ಸೇರಿರಲಿಲ್ಲ. ಮರಳು ಅಗ್ಗವಾಗಿ ಸಿಕ್ಕಿದ್ದೂ ಅದಕ್ಕೇ.

ಡ್ರೈವರಿಗೆ ಸಿಗುವುದು ಕೂಲಿ. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡವನಿಗೆ ಉಳುಮೆಯ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ. ರಾತ್ರಿಯ ಮರಳಿನಿಂದ ಅವನು ಆ ಕಂತು ಕಟ್ಟುತ್ತಾನೆ. ದೊಡ್ಡ ಲಾಭ ಹೋಗುವುದು ಹೊಳೆಗೆ ದಾರಿ ಮಾಡಿಕೊಟ್ಟು, ಸಿಕ್ಕಿಬಿದ್ದ ಗಾಡಿ ಬಿಡಿಸಿಕೊಡುವವರ ಕೈಗೆ. ಇವರನ್ನೆಲ್ಲ ಸಾಕುವ ದುಡ್ಡು ಹೊರಡುವುದು ನನ್ನಂಥ ಗಿರಾಕಿಯ ಜೇಬಿನಿಂದ.

ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕದ ಉಪಖನಿಜ ನಿಯಮಗಳು 1994ರಿಂದಲೇ ಇವೆ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದಿತು. 2014ರಲ್ಲಿ, ಅನುಮತಿಯಿಲ್ಲದೆ ಹೊಳೆಯ ಮರಳು ಒಯ್ದವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಕಳ್ಳತನದ ಕೇಸನ್ನೂ ಹಾಕಬಹುದೆಂದು ಹೇಳಿತು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ನಮ್ಮ ಕಾನೂನಿನಲ್ಲಿ ಬಹುಹಿಂದಿನಿಂದಲೂ ಅಪರಾಧವೇ. ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಂಡು ನಾನು ಪಾರಾಗಲಾರೆ. ತಿಳಿಯದ ಹಾಗೆ ನಾನೇ ನೋಡಿಕೊಂಡಿದ್ದೆ.

ಹೊಳೆಯ ಮರಳಿನ ಬದಲು ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ತರಿಸಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಆದರೆ ಅದೂ ಯಾವುದೋ ಊರಿನ ಗುಡ್ಡ ಒಡೆದು ಬಂದದ್ದು. ಎಷ್ಟು ಬೇಕು ಎನ್ನುವ ಪ್ರಶ್ನೆಯನ್ನು ನಾನು ಇನ್ನೂ ಸರಿಯಾಗಿ ಹಾಕಿಕೊಂಡಿಲ್ಲ. ಇರುವ ಮನೆಗೆ ಮತ್ತೊಂದು ಮಹಡಿ ಬೇಕೆನ್ನುವ ಆಸೆ ಈಗಲೂ ಇದೆ.

ರಾಜ್ಯದ 2020ರ ಮರಳು ನೀತಿ ಸಣ್ಣ ಹಳ್ಳಗಳ ಮರಳಿನ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಿತು. ನಮ್ಮೂರಿನ ಗ್ರಾಮಸಭೆಯಲ್ಲಿ ಆಶ್ರಯ ಮನೆ, ಚರಂಡಿಗಳ ಮಾತು ಜೋರಾಗಿ ನಡೆಯುತ್ತದೆ. ಹಳ್ಳದ ಲೆಕ್ಕವನ್ನು ನಾನೂ ಕೇಳಿಲ್ಲ, ನೀವೂ ಕೇಳಿಲ್ಲ. ಎಲ್ಲಿ ತೆಗೆದರು, ಎಷ್ಟು ಆಳ ತೆಗೆದರು, ಯಾರಿಗೆ ಕೊಟ್ಟರು, ಬಂದ ಹಣ ಎಲ್ಲಿದೆ? ಮುಂದಿನ ಸಭೆಗೆ ಬನ್ನಿ, ಒಟ್ಟಿಗೆ ಕೇಳೋಣ.