ಪೀಣ್ಯದ ಶಾಕುಹಾಚಿ

ಆತ ಟವೆಲ್ಲಿನಲ್ಲಿ ಸುತ್ತಿದ ಒಂದು ಬಿದಿರಿನ ಕೊಳವೆ ಹಿಡ್ಕೊಂಡು ನನ್ನ ಸೀಟಿನ ಹತ್ತಿರ ಬಂದಾಗ ಫೆಬ್ರವರಿ ಮುಗೀತಾ ಇತ್ತು. ಬೆಂಗಳೂರಿನ ಆ ಹೊತ್ತಿನ ಒಣಹವೆ ನಿಮಗೆ ಗೊತ್ತಲ್ಲ, ತುಟಿ ಒಡೆಯುತ್ತೆ, ಹಿಮ್ಮಡಿ ಒಡೆಯುತ್ತೆ. ಆತನ ಕೊಳಲೇ ಒಡೆದಿತ್ತು. ರಾತ್ರಿ ಮಲಗಿದ್ದಾಗ ‘ಟಪ್’ ಅಂತ ಸದ್ದಾಯಿತಂತೆ. ಎದ್ದು ನೋಡಿದರೆ ಮೇಲಿಂದ ಅರ್ಧದವರೆಗೆ ಕೂದಲೆಳೆಯಂಥ ಬಿರುಕು.

“ಇಲ್ಲಿ ಬಿದಿರು ರಿಪೇರಿ ಮಾಡೋರು ಯಾರಾದ್ರೂ ಇದ್ದಾರಾ?” ಅಂತ ಕೇಳಿದ.

ಆತ ಜರ್ಮನಿಯವನು, ಐವತ್ತರ ಹತ್ತಿರದ ವಯಸ್ಸು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿಗೆ ಎರಡು ವರ್ಷದ ಮಟ್ಟಿಗೆ ಬಂದಿದ್ದ. ಹೆಸರು ಬೇಡ. ನಮ್ಮಪ್ಪ ಆಮೇಲೆ ಆತನಿಗೆ ‘ಸಾಹೇಬ’ ಅಂತ ಹೆಸರಿಟ್ಟ, ನಾನೂ ಇಲ್ಲಿ ಹಾಗೇ ಕರೀತೀನಿ. ಸಾಹೇಬನ ಕೈಲಿದ್ದದ್ದು ಶಾಕುಹಾಚಿ, ಜಪಾನಿನ ಕೊಳಲು. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯೋದಲ್ಲ, ನೇರ ಹಿಡಿದು ಮೇಲಿನ ಅಂಚಿಗೆ ಊದಬೇಕು. ಬಿದಿರಿನ ಬೇರಿನ ಕಡೆಯ ಗಂಟುಗಳು ಕೆಳಗೆ ಹಾಗೇ ಇರುತ್ತವೆ. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ‘ಶಾಕು’ ಅಂದರೆ ಅವರ ಹಳೇ ಅಳತೆ, 30.3 ಸೆಂಟಿಮೀಟರು. ‘ಹಾಚಿ’ ಅಂದರೆ ಎಂಟು. ಒಂದು ಶಾಕು, ಅದರ ಮೇಲೆ ಎಂಟು ಚೂರು, ಒಟ್ಟು 54.5 ಸೆಂಟಿಮೀಟರು. ನಾವು ಕೊಳಲಿಗೆ ‘ಒಂದು ಮೊಳ ಮೂರು ಬೆರಳು’ ಅಂತ ಹೆಸರಿಟ್ಟ ಹಾಗೆ. ಅಳತೆಯೇ ಹೆಸರು!

ನಿಜ ಹೇಳ್ತೀನಿ, ನನಗೆ ಒಳಗೊಳಗೇ ನಗು ಬಂದಿತ್ತು. ಬಿಳಿಯರು ಇಂಥವನ್ನೆಲ್ಲ ಹಿಡಿದುಕೊಂಡು ಓಡಾಡೋದನ್ನು ನೋಡಿ ನೋಡಿ ನಮಗೆ ಸಾಕಾಗಿದೆ. ಮೈಸೂರಿನ ಗೋಕುಲಂನಲ್ಲಿ ಯೋಗದ ಚಾಪೆ ಸುತ್ತಿಕೊಂಡು ಸ್ಕೂಟರಿನಲ್ಲಿ ಹೋಗೋರು, ವೈಟ್‌ಫೀಲ್ಡ್ ಕಡೆ ಆಶ್ರಮಕ್ಕೆ ಬಿಳೀ ಬಟ್ಟೆ ಹಾಕ್ಕೊಂಡು ಬರೋರು. ಇವನೂ ಅದೇ ಗಿರಾಕಿ, ಝೆನ್ನು ಗಿನ್ನು ಅಂತಾನೆ ಅಂದುಕೊಂಡೆ. ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ಶಾಕುಹಾಚಿಗೆ ಆ ಚರಿತ್ರೆಯೂ ಇದೆ. ಫುಕೆ ಅನ್ನೋ ಝೆನ್ ಪಂಥದ ಕೊಮುಸೋ ಸನ್ಯಾಸಿಗಳು ತಲೆಗೆ ಬುಟ್ಟಿ ಬೋರಲು ಹಾಕಿಕೊಂಡು ಇದನ್ನು ಊದುತ್ತಾ ಭಿಕ್ಷೆ ಎತ್ತುತ್ತಿದ್ದರು. ಅವರಿಗೆ ಅದು ವಾದ್ಯವಲ್ಲ, ಧ್ಯಾನದ ಸಾಧನ. 1871ರಲ್ಲಿ ಮೇಜಿ ಸರ್ಕಾರ ಆ ಪಂಥವನ್ನೇ ರದ್ದು ಮಾಡಿತು. ಆಮೇಲೆ ಶಾಕುಹಾಚಿ ಊರವರೆಲ್ಲರ ವಾದ್ಯವಾಯಿತು, ನಿಧಾನಕ್ಕೆ ಹೊರದೇಶದವರದ್ದೂ ಆಯಿತು. 1980ರಲ್ಲಿ ರೈಲಿ ಲೀ ಅನ್ನೋ ಅಮೆರಿಕನ್ನನಿಗೆ ಅದರ ಮಹಾಗುರುವಿನ ಪದವಿಯೇ ಸಿಕ್ಕಿತು, ಜಪಾನಿನವನಲ್ಲದ ಒಬ್ಬನಿಗೆ ಮೊದಲ ಸಲ.

ಆದರೆ ಸಾಹೇಬನ ಕಥೆಯಲ್ಲಿ ಝೆನ್ ಇರಲೇ ಇಲ್ಲ. 1986ರಲ್ಲಿ, ಹೈಸ್ಕೂಲಿನಲ್ಲಿದ್ದಾಗ, ರೇಡಿಯೋದಲ್ಲಿ ಪೀಟರ್ ಗೇಬ್ರಿಯಲ್‌ನ ‘ಸ್ಲೆಡ್ಜ್‌ಹ್ಯಾಮರ್’ ಕೇಳಿದ್ದನಂತೆ. ಆ ಹಾಡಿನ ಶುರುವಿನಲ್ಲಿ ಗಾಳಿ ತುಂಬಿದ ಒಂದು ಕೊಳಲಿನ ದನಿ ಬರುತ್ತೆ. ಅದು ಯಾರೂ ಕೂತು ಊದಿದ್ದಲ್ಲ. ಎಮ್ಯುಲೇಟರ್ ಅನ್ನೋ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಬರುವ ಶಾಕುಹಾಚಿ. ಇವನು ಹತ್ತು ವರ್ಷ ಅದು ಏನು ಅಂತಲೇ ಗೊತ್ತಿಲ್ಲದೆ ಗುನುಗಿಕೊಂಡಿದ್ದ.

“ಅಷ್ಟಕ್ಕೇನಾ?” ಅಂದೆ.

“ಅಷ್ಟಕ್ಕೇ ಶುರುವಾಯ್ತು” ಅಂದ. ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದ. ಚಿಕ್ಕಂದಿನಲ್ಲಿ ಆರು ವರ್ಷ ಕ್ಲಾರಿನೆಟ್ ಕಲಿತಿದ್ದನಂತೆ. ತಾತ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು, ಅಮ್ಮ ಸಂಗೀತದ ಟೀಚರು. ಒಂದು ಸ್ವರ ತಪ್ಪಿದರೆ ಅಡುಗೆಮನೆಯಿಂದಲೇ ‘ಹ್ಞೂಂ’ ಅಂತ ದನಿ. “ಶಾಕುಹಾಚಿಯಲ್ಲಿ ನಾನು ತಪ್ಪು ಊದಿದರೆ ನಮ್ಮ ಮನೇಲಿ ಯಾರಿಗೂ ಗೊತ್ತಾಗೋದಿಲ್ಲ” ಅಂತ ನಕ್ಕ.

ತಮಾಷೆ ಅಂದರೆ, ಅದೇ ವಾರ ಟೋಕಿಯೋ ಟೀಮಿನ ಹುಡುಗನೊಬ್ಬನನ್ನು ಕಾಲ್ ಮುಗಿಯುವಾಗ ಶಾಕುಹಾಚಿ ಬಗ್ಗೆ ಕೇಳಿದೆ. ಹೊಸ ವರ್ಷಕ್ಕೆ ಅಂಗಡಿಗಳಲ್ಲಿ ಹಾಕ್ತಾರಲ್ಲ, ಅದೇ ತಾನೇ ಅಂದ. ಆತ ನುಡಿಸೋದು ಗಿಟಾರು! ಆತ ಹೇಳಿದ್ದು ಮಿಚಿಯೋ ಮಿಯಾಗಿ 1929ರಲ್ಲಿ ಮಾಡಿದ ‘ಹಾರು ನೋ ಉಮಿ’, ಕೋಟೋ ಮತ್ತು ಶಾಕುಹಾಚಿಗೆ ಬರೆದದ್ದು. ಅದಕ್ಕೂ ದೊಡ್ಡ ಹೆಸರು ಬಂದದ್ದು 1932ರಲ್ಲಿ ಫ್ರಾನ್ಸಿನ ರೆನೆ ಶೆಮೆ ಅನ್ನೋ ಹೆಂಗಸು ಶಾಕುಹಾಚಿಯ ಭಾಗವನ್ನು ಪಿಟೀಲಿಗೆ ಹೊಂದಿಸಿಕೊಂಡು ಮಿಯಾಗಿ ಜತೆ ನುಡಿಸಿದ ಮೇಲೆ. ಆ ಹುಡುಗನನ್ನು ಆಡಿಕೊಳ್ಳೋಕೆ ನನಗೇನು ಹಕ್ಕಿದೆ? ನಾನೂ ಕಾಲೇಜಿನಲ್ಲಿ ಮೂರು ತಿಂಗಳು ಗಿಟಾರ್ ಕ್ಲಾಸಿಗೆ ಹೋಗಿ ಬಿಟ್ಟವನೇ. ಮನೆಯಲ್ಲಿ ಕೊಳಲು ಊದುತ್ತಿದ್ದ ಅಪ್ಪ ಇದ್ದೂ.

ಈಗ ಅಪ್ಪನ ವಿಷಯಕ್ಕೆ ಬರಬೇಕು.

ಅಪ್ಪ ಟರ್ನರ್. ಕುಣಿಗಲ್ ಕಡೆಯ ಹಳ್ಳಿಯಿಂದ ಪೀಣ್ಯಕ್ಕೆ ಬಂದು, ಹತ್ತಾರು ಶೆಡ್ಡುಗಳಲ್ಲಿ ದುಡಿದು, ಕೊನೆಗೆ ಸ್ನೇಹಿತನೊಬ್ಬನ ಜತೆ ಸೇರಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡ್ತಾನೆ. ನನ್ನನ್ನು ಓದಿಸಿದ್ದು ಅದೇ ಲೇತು. ಹಾಗಿದ್ದೂ ನಾನು ಆಫೀಸಿನವರನ್ನು ಯಾರನ್ನೂ ಆ ಶೆಡ್ಡಿಗೆ ಕರ್ಕೊಂಡು ಹೋಗಿರಲಿಲ್ಲ. ಯಾರಾದರೂ ಕೇಳಿದರೆ ‘ಫಾದರ್ ಮ್ಯಾನುಫ್ಯಾಕ್ಚರಿಂಗಲ್ಲಿದ್ದಾರೆ’ ಅಂತಿದ್ದೆ. ಸುಳ್ಳೇನಲ್ಲ. ಆದರೆ ಹೇಳುವಾಗ ನಾನು ಬೇರೆ ಕಡೆ ನೋಡ್ತಿದ್ದೆ.

ಬಿದಿರು ರಿಪೇರಿಗೆ ಜಪಾನಿಗೇ ಕಳಿಸಬೇಕು ಅಂತ ಸಾಹೇಬನಿಗೆ ಗೊತ್ತಾಯ್ತು. ಅಲ್ಲಿವರೆಗೆ ಪಿವಿಸಿ ಪೈಪಿನಲ್ಲಿ ಒಂದು ಮಾಡ್ಕೋತೀನಿ, ಕಲಿಯೋರು ಎಷ್ಟೋ ಜನ ಅದರಲ್ಲೇ ಊದ್ತಾರೆ, ತೂತು ಸರಿಯಾಗಿ ಕೊರೆಯೋರು ಬೇಕು ಅಂದ. ಬಾಯಿಗೆ ಬಂದೇಬಿಡ್ತು, “ನಮ್ಮಪ್ಪ ಇದ್ದಾರೆ.”

ಭಾನುವಾರ ನೈಸ್ ರೋಡು ಹಿಡಿದು ಹೋದ್ವಿ. ಅಪ್ಪ ಖಾಕಿ ಅಂಗಿ ಬಿಟ್ಟು ಇಸ್ತ್ರಿ ಮಾಡಿದ ಬಿಳೀ ಷರ್ಟು ಹಾಕಿದ್ದ, ಲೇತಿನ ಮುಂದೆ! ಒಡೆದ ಶಾಕುಹಾಚಿಯನ್ನು ಎರಡೂ ಕೈಯಲ್ಲಿ ತಗೊಂಡು, ತಿರುಗಿಸಿ, ಒಳಗೆ ಕಣ್ಣಿಟ್ಟು ನೋಡಿದ. ಪೀಣ್ಯದಲ್ಲಿ ಅರ್ಧ ಕೆಲಸ ಹೀಗೇ ನಡೆಯೋದು, ಡ್ರಾಯಿಂಗ್ ಇರಲ್ಲ, ಸ್ಯಾಂಪಲ್ ಪೀಸ್ ಕೊಡ್ತಾರೆ, ಅದನ್ನ ನೋಡಿ ಹೊಡೀಬೇಕು. ವರ್ನಿಯರ್ ಹಿಡಿದು ಒಂದೊಂದು ತೂತಿನ ಅಳತೆ ತಗೊಂಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಒಳವ್ಯಾಸ ಸುಮಾರು 20 ಮಿಲಿಮೀಟರು, ಮುಕ್ಕಾಲಿಂಚಿನ ಪೈಪು ಹತ್ತಿರ ಹತ್ತಿರ ಕೂರುತ್ತೆ.

“ಬಿದ್ರು ಒಳಗೆ ಒಂದೇ ಸಮ ಇಲ್ಲ ಕಣ್ಲಾ. ಕೆಳೀಕ್ ಬತ್ತಾ ಸಣ್ಣ ಆಗದೆ. ಪೈಪು ನೆಟ್ಟಗದೆ. ಸ್ವರ ಎಲ್ಲಿ ಕೂರ್ತದೆ? ಕೇಳು ಸಾಹೇಬ್ರನ್ನ.”

ಕೇಳಿದೆ. ಸಾಹೇಬ ನನ್ನನ್ನು ಬಿಟ್ಟು ಸೀದಾ ಅಪ್ಪನ ಮುಖ ನೋಡಿ ಗದ್ದ ಕೆಳಗೆ ಮಾಡಿದ, ಮೇಲೆ ಎತ್ತಿದ. ಈ ಕೊಳಲಿನಲ್ಲಿ ತೂತು ಅರ್ಧ ಕೆಲಸ ಮಾಡಿದರೆ ಇನ್ನರ್ಧ ಮಾಡೋದು ತಲೆ. ಗದ್ದ ಇಳಿಸಿದರೆ ಸ್ವರ ಇಳಿಯುತ್ತೆ, ಎತ್ತಿದರೆ ಏರುತ್ತೆ. ತಲೆ ಆಡಿಸೋದು ಕಲಿಯೋಕೇ ಮೂರು ವರ್ಷ ಬೇಕು ಅಂತ ಜಪಾನಿನಲ್ಲಿ ಗಾದೆಯೇ ಇದೆ.

“ಹಂಗಾರೆ ಟಾಲರೆನ್ಸು ಕತ್ತಲ್ಲಿ ಮಡಗವ್ರೆ!” ಅಂದ ಅಪ್ಪ. ಮೂವತ್ತು ವರ್ಷದಿಂದ ಪಾಯಿಂಟ್ ಜೀರೋ ಟೂಗೆ ಜಾಬ್ ರಿಜೆಕ್ಟ್ ಮಾಡಿಸಿಕೊಂಡವನಿಗೆ ಅದೊಂದು ಭಾರೀ ಸುದ್ದಿ.

ಐದು ತೂತು ಕೊರೆದು, ಬಾಯಿಯ ಅಂಚನ್ನು ಅರದಲ್ಲಿ ಓರೆಯಾಗಿ ಉಜ್ಜಿ, ಎಮರಿ ಹಾಕಿ ಕೊಡೋಕೆ ಒಂದೂವರೆ ಗಂಟೆ. ಸಾಹೇಬ ಊದಿದ. ಆ ಬೂದು ಬಣ್ಣದ ಪ್ಲಂಬಿಂಗ್ ಪೈಪಿನಿಂದ ಬಂದ ದನಿಗೆ ಪಕ್ಕದ ಶೆಡ್ಡಿನ ಹುಡುಗರು ಕೈಯೊರೆಸಿಕೊಳ್ತಾ ಬಂದು ನಿಂತರು. ಅಪ್ಪನೂ ತಗೊಂಡು ಊದಿದ. ಬರೀ ಗಾಳಿ. ಮತ್ತೆ ಊದಿದ. ಗಾಳಿ. ಶಾಕುಹಾಚಿಯ ಮೊದಲ ಪಾಠವೇ ಇದು, ದಿನಗಟ್ಟಲೆ ಸದ್ದೇ ಬರಲ್ಲ. ಕೊಟ್ಟುಬಿಡ್ತಾನೆ ಅಂದುಕೊಂಡೆ. ಅಪ್ಪ ಪೈಪಿನ ಇನ್ನೊಂದು ತುಂಡು ಕತ್ತರಿಸೋಕೆ ಹ್ಯಾಕ್ಸಾ ಎತ್ತಿಕೊಂಡ. “ನಂಗೂ ಒಂದಿರ್ಲಿ.”

ಅಂದಿನಿಂದ ಸಂಜೆ ಶೆಡ್ಡು ಬಾಗಿಲು ಹಾಕೋ ಮುಂಚೆ ಅರ್ಧ ಗಂಟೆ ಫೂ ಫೂ. ಅಮ್ಮ ಫೋನು ಮಾಡಿ, “ನಿಮ್ಮಪ್ಪಂಗೆ ಏನಾಗದೆ ಕೇಳಪ್ಪ, ಮನೇಲೂ ಪೈಪ್ ಕಚ್ಕೊಂಡು ಕೂರ್ತಾರೆ” ಅಂದಳು. ಹತ್ತನೇ ದಿನಕ್ಕೋ ಏನೋ ಒಂದು ಸ್ವರ ಬಂತು.

ನನಗೆ ತಡೆಯೋಕಾಗಲಿಲ್ಲ, ಕೇಳಿಯೇಬಿಟ್ಟೆ. ನಮ್ಮ ಕೊಳಲು ಅಟ್ಟದ ಮೇಲಿದೆಯಲ್ಲ, ಅದನ್ನ ಬಿಟ್ಟು ಇದೇನು? ಊರಲ್ಲಿ ರಾಮನವಮಿ ಭಜನೆಗೆ ಅಪ್ಪನ ಕೊಳಲಿಲ್ಲದೆ ಆಗ್ತಿರಲಿಲ್ಲ ಅಂತ ಅಜ್ಜಿ ಹೇಳ್ತಿದ್ದಳು. ದಾಸರಹಳ್ಳಿಯ ವಠಾರಕ್ಕೆ ಬಂದ ಮೇಲೆ ನಿಂತದ್ದು. ಹಗಲು ಊದಿದರೆ ನೈಟ್ ಶಿಫ್ಟಿನವರು ಮಲಗಿದ್ದಾರೆ, ರಾತ್ರಿ ಊದಿದರೆ ಫಸ್ಟ್ ಶಿಫ್ಟಿನವರು ಮಲಗಿದ್ದಾರೆ.

ಅಪ್ಪ ಕೈಗೆ ಅಂಟಿದ ಕಟಿಂಗ್ ಆಯಿಲ್ ಒರೆಸ್ಕೊಳ್ತಾ ಹೇಳಿದ: “ಅದು ನಂಗೆ ಬತ್ತಿತ್ತು ಕಣಪ್ಪ. ಈಗ ಊದಿದ್ರೆ ಏನ್ ಹೋಗದೆ ಅಂತ ಗೊತ್ತಾಯ್ತದೆ. ಇದು ಬತ್ತಾನೇ ಇರ್ಲಿಲ್ವಲ್ಲ. ಬೇಜಾರಿಲ್ಲ.”

ಸಾಹೇಬನ ಕ್ಲಾರಿನೆಟ್ಟು ನೆನಪಾಯ್ತು. ಬಿಳಿಯರು ಜಪಾನಿನ ಕೊಳಲಿಗೆ ಯಾಕೆ ಬೀಳ್ತಾರೆ ಅನ್ನೋ ಪ್ರಶ್ನೆಗೆ ನಾನು ದೊಡ್ಡ ದೊಡ್ಡ ಉತ್ತರ ಇಟ್ಟುಕೊಂಡಿದ್ದೆ, ಪೂರ್ವದ ಮೋಹ, ಶಾಂತಿಯ ಹಸಿವು ಇತ್ಯಾದಿ. ಅವು ಸುಳ್ಳಲ್ಲದಿರಬಹುದು. ಆದರೆ ನಮ್ಮದಲ್ಲದ್ದು ನಮ್ಮನ್ನು ಮುಂಚಿನಿಂದ ನೋಡಿಕೊಂಡು ಬಂದಿರೋದಿಲ್ಲ ಅನ್ನೋದು ನನಗೆ ಹೊಳೆದಿರಲಿಲ್ಲ. ನಮ್ಮ ಕದ್ರಿ ಗೋಪಾಲನಾಥರನ್ನೇ ನೋಡಿ. ನಾಗಸ್ವರ ವಿದ್ವಾಂಸರ ಮಗ, ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತರು. ಅತ್ತ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರ ಕಲಿಯೋಕೆ ತಮಿಳುನಾಡಿಗೆ ಬಂದರು! ಆಮೇಲೆ ಅವರೇ ನಮ್ಮ ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ 1983ರಲ್ಲಿ ‘ಜ್ಯೋತಿ’ ಅನ್ನೋ ಆಲ್ಬಮ್ ಮಾಡಿದರು, ಹಾಡಿದ್ದು ಆರ್.ಎ. ರಮಾಮಣಿ. ಇವರು ಇಳಿಸಿದ್ದನ್ನು ಅವರು ಎತ್ತಿಕೊಂಡರು, ಅವರ ಕೈಲಿದ್ದದ್ದಕ್ಕೆ ಇವರು ಆಸೆಪಟ್ಟರು. ಇಬ್ಬರೂ ಹವ್ಯಾಸಕ್ಕೆ ಹಿಡಿದವರಲ್ಲ, ಅಪ್ಪನ ಪೈಪಿಗೆ ಅವರನ್ನು ಹೋಲಿಸಬಾರದು ಅಂತ ಗೊತ್ತು. ಆದರೂ ಆ ಮೊದಲ ದಿನ, ಬರೀ ಗಾಳಿ ಬರುವ ದಿನ, ಅವರಿಗೂ ಇತ್ತು ತಾನೇ?

ಸಾಹೇಬ ವಾಪಸ್ ಹೋಗಿ ಎಂಟು ತಿಂಗಳಾಯ್ತು. ಅಪ್ಪನೂ ಆತನೂ ಈಗ ವಾಟ್ಸ್ಯಾಪಿನಲ್ಲಿ ಸ್ನೇಹಿತರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರಲ್ಲ. ಅಪ್ಪ ಒಂದು ಸ್ವರ ಊದಿ ರೆಕಾರ್ಡ್ ಮಾಡಿ ಕಳಿಸ್ತಾನೆ, ಹಿನ್ನೆಲೆಯಲ್ಲಿ ಪಕ್ಕದ ಶೆಡ್ಡಿನ ಗ್ರೈಂಡರು. ಆ ಕಡೆಯಿಂದ ಅದೇ ಸ್ವರ ಬರುತ್ತೆ, ಸ್ವಲ್ಪ ನಿಧಾನವಾಗಿ. ಅಪ್ಪ ಮತ್ತೆ ಊದ್ತಾನೆ.

ಹೋದ ವಾರ ಅಪ್ಪ ಮತ್ತೊಂದು ಪೈಪು ಕತ್ತರಿಸಿ ಅಂಚು ಉಜ್ಜಿ ಇಟ್ಟಿದ್ದಾನಂತೆ. ತೂತು ಹಾಕಿಲ್ಲ. “ನಿನ್ ಬೆರಳು ನಂಗಿಂತ ಉದ್ದ ಅವೆ, ಬಂದು ಅಳತೆ ಕೊಟ್ಟೋಗು” ಅಂದಿದ್ದಾನೆ. ಈ ವಾರ ರಿಲೀಸ್ ಇತ್ತು. ಇನ್ನೂ ಹೋಗಿಲ್ಲ.